ಏಳು ವರ್ಷದ ಹುಡುಗಿಯ ಪರವಾಗಿ ನಾನು ಹಾಕಿದ ಮತ

ನಿನ್ನೆ ಸಂಜೆ ಗ್ಲಾಸ್ಗೋದ ಕ್ವೀನ್ ಸ್ಟ್ರೀಟ್ ನಿಲ್ದಾಣದಿಂದ ಎಡಿನ್‌ಬರೊಗೆ ಹೊರಟ ರೈಲಿನಲ್ಲಿ ನನ್ನ ಎದುರು ಒಬ್ಬ ಹುಡುಗಿ ಕುಳಿತಿದ್ದಳು. ಹತ್ತೊಂಬತ್ತು ದಾಟಿರಲಿಕ್ಕಿಲ್ಲ. ಕೋಟಿನ ಮೇಲೆ ಸ್ಕಾಟ್ಲೆಂಡಿನ ನೀಲಿ ಬಿಳಿ ಧ್ವಜವೂ ಅದರ ಕೆಳಗೆ ಸ್ಕಾಟ್ಲೆಂಡಿನ ಸ್ವಾತಂತ್ರ್ಯಕ್ಕೆ ಹೌದೆನ್ನುವ ‘ಯೆಸ್’ ಎಂಬ ಪದವೂ ಇದ್ದ ಪುಟ್ಟ ಬ್ಯಾಡ್ಜ್ ಸಿಕ್ಕಿಸಿಕೊಂಡಿದ್ದಳು. ಪಕ್ಕದಲ್ಲಿದ್ದ ವೃದ್ಧರೊಬ್ಬರು ಅದನ್ನು ನೋಡಿ, ಸಿಟ್ಟಿನಿಂದಲ್ಲ, ಮನೆಯ ಹಿರಿಯರು ಬುದ್ಧಿ ಹೇಳುವ ಧಾಟಿಯಲ್ಲಿ, “ಅದೆಲ್ಲ 2014ರಲ್ಲೇ ಮುಗಿದ ವಿಷಯ ಮಗಳೇ, ಕೇಳಿದರು, ಉತ್ತರ ಹೇಳಿಯಾಯಿತು” ಎಂದರು. ಅವಳು ತಕ್ಷಣ, “ನನ್ನನ್ನು ಯಾರೂ ಕೇಳಲಿಲ್ಲ, ಆಗ ನನಗೆ ಏಳು ವರ್ಷ” ಎಂದಳು. ಅವರು ತಲೆಯಾಡಿಸಿ ಕಿಟಕಿಯ ಕಡೆ ತಿರುಗಿದರು. ಮಾತು ಅಲ್ಲಿಗೆ ನಿಂತಿತು. ನನಗೆ ಮಾತ್ರ ರಾತ್ರಿಯಿಡೀ ಆ ‘ಮುಗಿದ ವಿಷಯ’ ಎಂಬ ಎರಡು ಪದಗಳು ತಲೆಯಿಂದ ಇಳಿಯಲಿಲ್ಲ.

ನಾನು ಈ ದೇಶಕ್ಕೆ ಬಂದದ್ದು, ಇಲ್ಲೇ ಉಳಿದದ್ದು, ರಾಜಕೀಯದ ಮಾತು ಬಂದರೆ ಸಾಮಾನ್ಯವಾಗಿ ಸುಮ್ಮನಿರುವವನು ಎಂಬುದೆಲ್ಲ ನಿಮಗೆ ಗೊತ್ತಿರುವುದೇ. ಆದರೆ ಬಹುಶಃ ನಿಮ್ಮಲ್ಲಿ ಯಾರಿಗೂ ಹೇಳಿರದ ಒಂದು ಸಂಗತಿಯಿದೆ. 2014ರ ಸೆಪ್ಟೆಂಬರ್ 18ರಂದು “ಸ್ಕಾಟ್ಲೆಂಡ್ ಸ್ವತಂತ್ರ ದೇಶವಾಗಬೇಕೆ?” ಎಂದು ಕೇಳಿದಾಗ ನನ್ನ ಜೇಬಿನಲ್ಲಿದ್ದದ್ದು ಭಾರತದ ಪಾಸ್‌ಪೋರ್ಟ್. ಕಾಮನ್‌ವೆಲ್ತ್ ದೇಶಗಳ ಪ್ರಜೆಗಳಾಗಿ ಕಾನೂನುಬದ್ಧವಾಗಿ ಇಲ್ಲಿ ನೆಲೆಸಿದ್ದ ನಮಗೂ ಆ ಜನಮತಗಣನೆಯಲ್ಲಿ ಮತವಿತ್ತು. ಸರದಿಯಲ್ಲಿ ನನ್ನ ಹಿಂದೆ ನಿಂತಿದ್ದ ಪೋಲೆಂಡಿನ ಸಹೋದ್ಯೋಗಿಗೂ ಇತ್ತು. 16 ತುಂಬಿದ ಶಾಲಾ ಮಕ್ಕಳಿಗೂ ಇತ್ತು. ಈ ನೆಲದಲ್ಲಿ ಬಾಳುವವರೇ ಈ ನೆಲದ ಜನ ಎಂಬ ದೊಡ್ಡ ಮನಸ್ಸಿನ ವ್ಯಾಖ್ಯಾನ ಅದು, ಮತ್ತು ಅದರ ಋಣ ನನ್ನ ಮೇಲಿದೆ. ನಾನಿರುವ ಗ್ಲಾಸ್ಗೋ ನಗರ ಆ ದಿನ ‘ಹೌದು’ ಎಂದಿತು. ನಾನು ‘ಬೇಡ’ ಎಂದು ಗುರುತು ಹಾಕಿ ಮನೆಗೆ ಬಂದೆ.

ಹೆದರಿ ಹಾಕಿದ ಮತ ಅದು. ಮನೆಸಾಲ ಯಾವ ಹಣದಲ್ಲಿ ತೀರಿಸಬೇಕಾದೀತು, ಪಿಂಚಣಿ ಏನಾದೀತು ಎಂಬ ಭಯವಿತ್ತು. ಪೌಂಡನ್ನೇ ಹಂಚಿಕೊಂಡು ಬಳಸುತ್ತೇವೆ ಎಂದು ಸ್ಕಾಟ್ಲೆಂಡ್ ಸರ್ಕಾರದ ಶ್ವೇತಪತ್ರ ಹೇಳಿತ್ತು. ಬ್ರಿಟನ್ನಿನ ಅಂದಿನ ಹಣಕಾಸು ಸಚಿವ ಜಾರ್ಜ್ ಆಸ್ಬಾರ್ನ್ ಅದೇ ವರ್ಷದ ಫೆಬ್ರವರಿಯಲ್ಲಿ ಎಡಿನ್‌ಬರೊಗೇ ಬಂದು ಅದು ಆಗದು ಎಂದು ಹೇಳಿ ಹೋಗಿದ್ದರು. ಇದಕ್ಕಿಂತ ಹೆಚ್ಚಾಗಿ ನನ್ನ ಮನಸ್ಸನ್ನು ಕಟ್ಟಿಹಾಕಿದ್ದು ಯುರೋಪಿನ ಪ್ರಶ್ನೆ. ಬ್ರಿಟನ್ನಿನಿಂದ ಬೇರೆಯಾದರೆ ಯುರೋಪಿಯನ್ ಒಕ್ಕೂಟದ ಸದಸ್ಯತ್ವ ಕೈತಪ್ಪುತ್ತದೆ ಎಂದು ಬ್ರಿಟನ್ನಿನೊಂದಿಗೇ ಉಳಿಯಬೇಕೆನ್ನುವ ಒಕ್ಕೂಟವಾದಿಗಳು ಊರೂರಲ್ಲಿ ಹೇಳಿದರು. ಯುರೋಪಿಯನ್ ಆಯೋಗದ ಅಂದಿನ ಅಧ್ಯಕ್ಷ ಬರೋಸೊ ಅವರೂ ಹೊಸ ದೇಶವೊಂದಕ್ಕೆ ಮತ್ತೆ ಪ್ರವೇಶ ಸಿಗುವುದು ಬಹಳ ಕಷ್ಟ, ಅಸಾಧ್ಯವೇ ಆದರೂ ಆದೀತು ಎಂಬರ್ಥದ ಮಾತನ್ನಾಡಿದ್ದರು. ಯುರೋಪಿನೊಳಗೆ ಉಳಿಯಬೇಕಾದರೆ ಬ್ರಿಟನ್ನಿನೊಳಗೆ ಉಳಿಯಬೇಕು ಎಂದು ನಾನು ನಂಬಿದೆ. ಶೇ 84.6ರಷ್ಟು ಮತದಾರರು ಬಂದು ಮತ ಹಾಕಿದರು, ಶೇ 55.3ರಷ್ಟು ಜನ ಬೇಡವೆಂದರು, ಶೇ 44.7ರಷ್ಟು ಜನ ಬೇಕೆಂದರು.

ನಂತರದ ಹದಿನೆಂಟು ತಿಂಗಳು ನಾನು ಮಾಡಿದ್ದೇ ಸರಿ ಎನಿಸುವಂತೆ ನಡೆಯಿತು. 2014ರ ಜೂನ್‌ನಲ್ಲಿ ಬ್ಯಾರೆಲ್‌ಗೆ 110 ಡಾಲರ್ ದಾಟಿದ್ದ ಬ್ರೆಂಟ್ ಕಚ್ಚಾ ತೈಲದ ಬೆಲೆ 2016ರ ಜನವರಿಯಲ್ಲಿ 30 ಡಾಲರ್‌ಗಿಂತ ಕೆಳಗಿಳಿಯಿತು. ‘ಹೌದು’ ಗೆದ್ದಿದ್ದರೆ ಶ್ವೇತಪತ್ರದ ಪ್ರಕಾರ ಸ್ವಾತಂತ್ರ್ಯದ ದಿನ 2016ರ ಮಾರ್ಚ್ 24 ಆಗಬೇಕಿತ್ತು. ಆ ದಿನ ಕೆಲಸದಿಂದ ಹಿಂದಿರುಗುವಾಗ, ನಾವು ಪಾರಾದೆವು ಎಂದು ನಾನು ನಿಜವಾಗಿಯೂ ನಿಟ್ಟುಸಿರು ಬಿಟ್ಟಿದ್ದೆ. ಅದಾಗಿ ಹೆಚ್ಚುಕಡಿಮೆ ಮೂರು ತಿಂಗಳಿಗೆ, ಜೂನ್ 23ರಂದು, ಬ್ರೆಕ್ಸಿಟ್ ಮತದಾನ ನಡೆಯಿತು. ಸ್ಕಾಟ್ಲೆಂಡಿನಲ್ಲಿ ಶೇ 62ರಷ್ಟು ಜನ ಯುರೋಪಿನಲ್ಲೇ ಉಳಿಯೋಣ ಎಂದರು. ಇಲ್ಲಿನ 32 ಸ್ಥಳೀಯ ಆಡಳಿತ ಪ್ರದೇಶಗಳಲ್ಲಿ ಹೊರಹೋಗೋಣ ಎಂದದ್ದು ಒಂದೂ ಇಲ್ಲ. ಆದರೂ ಹೊರಬಂದೆವು, ಏಕೆಂದರೆ ಇಡೀ ಬ್ರಿಟನ್ನಿನ ಲೆಕ್ಕದಲ್ಲಿ ಶೇ 51.9ರಷ್ಟು ಜನ ಹಾಗೆ ಬಯಸಿದ್ದರು. ನನ್ನ ಪೋಲೆಂಡಿನ ಸಹೋದ್ಯೋಗಿಗೆ ಆ ಸಲ ಮತವೂ ಇರಲಿಲ್ಲ. ಆಕೆಯ ಬದುಕನ್ನೇ ತಿರುಗಿಸುವ ಪ್ರಶ್ನೆಗೆ ನಾನು ಉತ್ತರಿಸಬಹುದಿತ್ತು, ಆಕೆ ಉತ್ತರಿಸುವಂತಿರಲಿಲ್ಲ. ಮರುದಿನ ಬೆಳಿಗ್ಗೆ ಕಚೇರಿಯಲ್ಲಿ ಆಕೆಯ ಮುಖ ನೋಡಲು ನನಗೆ ಆಗಲಿಲ್ಲ.

ಯಾವ ಮಾತನ್ನು ನಂಬಿ ನಾನು ‘ಬೇಡ’ ಎಂದೆನೋ ಆ ಮಾತೇ ಉಳಿಯಲಿಲ್ಲ. ಹೀಗಿರುವಾಗ ವಿಷಯ ಮುಗಿದದ್ದು ಹೇಗೆ? ಒಪ್ಪಂದದ ಷರತ್ತನ್ನು ಒಂದು ಕಡೆಯವರು ಬದಲಿಸಿದ ಮೇಲೂ ಇನ್ನೊಂದು ಕಡೆಯವರು ತಾವು ಹಿಂದೆ ಹಾಕಿದ ಸಹಿಗೆ ಕಟ್ಟುಬಿದ್ದೇ ಇರಬೇಕು ಎನ್ನುವುದು ಯಾವ ನ್ಯಾಯ?

‘ಒಂದು ತಲೆಮಾರಿಗೆ ಒಮ್ಮೆ ಬರುವ ಅವಕಾಶ ಎಂದು ಸ್ವಾತಂತ್ರ್ಯವಾದಿಗಳೇ ಹೇಳಿದ್ದರಲ್ಲ’ ಎಂಬ ವಾದವನ್ನು ನೂರು ಸಲ ಕೇಳಿದ್ದೇನೆ. ಹೇಳಿದ್ದರು, ನಿಜ. ಸ್ಕಾಟ್ಲೆಂಡಿನ ಅಂದಿನ ಪ್ರಥಮ ಸಚಿವ ಅಲೆಕ್ಸ್ ಸಾಲ್ಮಂಡ್ ಹೇಳಿದ್ದರು, ಶ್ವೇತಪತ್ರದಲ್ಲೂ ಆ ಮಾತಿತ್ತು. ಆದರೆ 2012ರ ಅಕ್ಟೋಬರ್‌ನಲ್ಲಿ ಸಾಲ್ಮಂಡ್ ಮತ್ತು ಬ್ರಿಟನ್ನಿನ ಅಂದಿನ ಪ್ರಧಾನಿ ಡೇವಿಡ್ ಕ್ಯಾಮರಾನ್ ಸಹಿ ಹಾಕಿದ, ಜನಮತಗಣನೆಗೆ ದಾರಿಮಾಡಿದ ಎಡಿನ್‌ಬರೊ ಒಪ್ಪಂದದಲ್ಲಿ ಅಂಥ ಷರತ್ತಿಲ್ಲ. ಜನರನ್ನು ಮತಗಟ್ಟೆಗೆ ಕರೆತರಲು ನಾಯಕನೊಬ್ಬ ಆಡಿದ ಮಾತು, ಆಗ ಏಳು ವರ್ಷವಾಗಿದ್ದ ಹುಡುಗಿಯನ್ನು ಕಟ್ಟಿಹಾಕುವ ಕಾನೂನಾಗುವುದಿಲ್ಲ. ಮೇಲಾಗಿ, ಇದೇ ಬ್ರಿಟನ್ನಿನ ಇನ್ನೊಂದು ಮೂಲೆಯಲ್ಲಿ ಈ ‘ತಲೆಮಾರು’ ಎಷ್ಟು ವರ್ಷದ್ದು ಎಂದು ಲಿಖಿತವಾಗಿಯೇ ಇದೆ. ಉತ್ತರ ಐರ್ಲೆಂಡಿನ ಶಾಂತಿ ಒಪ್ಪಂದವಾದ ಗುಡ್ ಫ್ರೈಡೇ ಒಪ್ಪಂದದ ಬೆನ್ನಿಗೆ ಬಂದ 1998ರ ಉತ್ತರ ಐರ್ಲೆಂಡ್ ಕಾಯ್ದೆಯ ಪ್ರಕಾರ, ಬ್ರಿಟನ್ ಬಿಟ್ಟು ಐರ್ಲೆಂಡನ್ನು ಸೇರಲು ಬಹುಮತವಿರುವ ಸಂಭವ ಕಂಡರೆ ಸಚಿವರು ಜನಮತಗಣನೆ ನಡೆಸಬೇಕು. ಒಂದಕ್ಕೂ ಮತ್ತೊಂದಕ್ಕೂ ನಡುವೆ ಕನಿಷ್ಠ ಏಳು ವರ್ಷದ ಅಂತರವಿರಬೇಕು. ಬೆಲ್‌ಫಾಸ್ಟಿನವರಿಗೆ ಏಳು ವರ್ಷ ಸಾಕೆನ್ನುವವರು ಗ್ಲಾಸ್ಗೋದವರಿಗೆ ಎಷ್ಟು ವರ್ಷ ಎಂದು ಯಾವ ಕಾನೂನಿನಲ್ಲೂ ಬರೆದಿಲ್ಲ. ಅಲ್ಲಿ ಆ ಬಾಗಿಲಿರುವುದು ದಶಕಗಳ ರಕ್ತಪಾತದ ನಂತರ. ಇಲ್ಲಿನ ಚಳವಳಿ ಮತಪೆಟ್ಟಿಗೆಯನ್ನು ಬಿಟ್ಟು ಬೇರೆ ದಾರಿ ಹಿಡಿಯಲಿಲ್ಲ ಎಂಬುದಕ್ಕೇ ಅದಕ್ಕೆ ಬಾಗಿಲಿಲ್ಲ ಎಂದಾದರೆ, ಆ ಸಂದೇಶ ಎಷ್ಟು ಅಪಾಯಕಾರಿ ಎಂದು ಯೋಚಿಸಿದಾಗ ನನಗೆ ಸಿಟ್ಟಿಗಿಂತ ಹೆಚ್ಚಾಗಿ ದುಃಖವಾಗುತ್ತದೆ.

ಮತ್ತೊಂದು ಜನಮತಗಣನೆ ಬೇಕೆಂದು ಕೇಳಿದಾಗ 2017ರಲ್ಲಿ ಅಂದಿನ ಪ್ರಧಾನಿ ಥೆರೇಸಾ ಮೇ ಇದು ಸಮಯವಲ್ಲ ಎಂದರು. 2020ರಲ್ಲಿ ಅವರ ನಂತರದ ಪ್ರಧಾನಿ ಬೋರಿಸ್ ಜಾನ್ಸನ್ ಪತ್ರ ಬರೆದು ನಿರಾಕರಿಸಿದರು. 2022ರ ನವೆಂಬರ್ 23ರಂದು ಬ್ರಿಟನ್ನಿನ ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳು ಒಮ್ಮತದಿಂದ, ಲಂಡನ್ನಿನ ಒಪ್ಪಿಗೆಯಿಲ್ಲದೆ ಸ್ಕಾಟ್ಲೆಂಡ್ ಸಂಸತ್ತು ಜನಮತಗಣನೆಗೆ ಕಾನೂನು ಮಾಡುವಂತಿಲ್ಲ ಎಂದು ತೀರ್ಪಿತ್ತರು. ಆ ತೀರ್ಪನ್ನು ನಾನು ಗೌರವಿಸುತ್ತೇನೆ. 1998ರ ಸ್ಕಾಟ್ಲೆಂಡ್ ಕಾಯ್ದೆ ಬ್ರಿಟನ್ ಒಕ್ಕೂಟದ ವಿಚಾರವನ್ನು ಲಂಡನ್ನಿನ ಸಂಸತ್ತಾದ ವೆಸ್ಟ್‌ಮಿನ್‌ಸ್ಟರಿಗೇ ಮೀಸಲಿಟ್ಟಿರುವಾಗ ನ್ಯಾಯಾಲಯ ಬೇರೇನು ಹೇಳಲು ಸಾಧ್ಯವಿತ್ತು? ನನ್ನ ತಕರಾರು ಇರುವುದು ಆ ಬೀಗದ ಕೈಯನ್ನು ಹಿಡಿದು ಕುಳಿತವರ ಮೇಲೆ. ವೆಸ್ಟ್‌ಮಿನ್‌ಸ್ಟರಿನ 650 ಸ್ಥಾನಗಳಲ್ಲಿ ಸ್ಕಾಟ್ಲೆಂಡಿನವು 57. ಆ 57 ಮಂದಿಯೂ ಒಂದೇ ಧ್ವನಿಯಲ್ಲಿ ಕೇಳಿದರೂ ಬಾಗಿಲು ತೆರೆಯಲೇಬೇಕು ಎಂಬ ನಿಯಮ ಎಲ್ಲಿಯೂ ಇಲ್ಲ. ಕೆನಡಾದಲ್ಲಿ 1995ರ ಜನಮತಗಣನೆಯಲ್ಲಿ ಕ್ವಿಬೆಕ್ ಪ್ರಾಂತ್ಯ ಕೂದಲೆಳೆಯ ಅಂತರದಲ್ಲಿ ದೇಶದೊಳಗೇ ಉಳಿದುಕೊಂಡಿತು, ಅಲ್ಲಿನ ಸುಪ್ರೀಂ ಕೋರ್ಟು ಮೂರು ವರ್ಷಗಳ ಬಳಿಕ ತೂಕದ ಮಾತನ್ನು ಹೇಳಿತು: ಒಂದು ಪ್ರಾಂತ್ಯ ತನ್ನಷ್ಟಕ್ಕೆ ತಾನೇ ಹೊರಟು ಹೋಗುವಂತಿಲ್ಲ, ಆದರೆ ಸ್ಪಷ್ಟ ಪ್ರಶ್ನೆಗೆ ಸ್ಪಷ್ಟ ಬಹುಮತ ಸಿಕ್ಕರೆ ಉಳಿದವರು ಮಾತುಕತೆಗೆ ಕೂರಲೇಬೇಕು. ಇಷ್ಟು ಸಿಕ್ಕಿದ್ದರೂ ನಾನು ಈ ಬರಹ ಬರೆಯುತ್ತಿರಲಿಲ್ಲವೇನೋ.

ಹಳೆಯ ಒಂದು ಗಾಯವನ್ನೂ ಇಲ್ಲಿ ನೆನೆಯಬೇಕು, ಏಕೆಂದರೆ ಈ ಜನ ಅದನ್ನು ಮರೆತಿಲ್ಲ. ಸ್ಕಾಟ್ಲೆಂಡಿಗೆ ಸ್ವಂತ ಶಾಸನಸಭೆ ಬೇಕೆ ಎಂದು 1979ರಲ್ಲಿ ಕೇಳಿದಾಗ ಮತ ಹಾಕಿದವರಲ್ಲಿ ಶೇ 51.6ರಷ್ಟು ಜನ ಬೇಕೆಂದರು. ಆದರೆ ಮತದಾರರ ಪಟ್ಟಿಯಲ್ಲಿರುವ ಒಟ್ಟು ಜನರಲ್ಲಿ ಶೇ 40ರಷ್ಟು ಮಂದಿ ಒಪ್ಪಿರಬೇಕು ಎಂಬ ಷರತ್ತನ್ನು ಲಂಡನ್ನಿನ ಸಂಸತ್ತು ಮೊದಲೇ ಸೇರಿಸಿತ್ತು. ಆ ಲೆಕ್ಕಕ್ಕೆ ಸಿಕ್ಕಿದ್ದು ಶೇ 32.9 ಮಾತ್ರ. ಮನೆಯಲ್ಲೇ ಉಳಿದವರೆಲ್ಲ ಬೇಡವೆಂದವರ ಸಾಲಿಗೆ ಸೇರಿಹೋದರು. ಗೆದ್ದ ಜನ ಸೋತವರಾಗಿ ಹದಿನೆಂಟು ವರ್ಷ ಕಾದರು. 1997ರಲ್ಲಿ ಮತ್ತೆ ಕೇಳಿದಾಗ ಶೇ 74.3ರಷ್ಟು ಜನ ಬೇಕೆಂದರು. ಅಂದರೆ ಮುಗಿದ ವಿಷಯವೆಂದು ಮುಚ್ಚಿಟ್ಟದ್ದು ಎಂದೂ ಮುಗಿದಿರಲೇ ಇಲ್ಲ.

ಈಗ ಹಣದ ಮಾತು. ಸಣ್ಣ ದೇಶವೊಂದು ಸ್ವಾತಂತ್ರ್ಯ ಎಂದ ಕೂಡಲೇ, ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವೇ ಎಂಬಂತೆ ನೋಡುವವರಿದ್ದಾರೆ. ಈ ಆಕ್ಷೇಪದಲ್ಲಿ ಹುರುಳಿಲ್ಲ ಎಂದು ನಾನು ಹೇಳಲಾರೆ. ಸ್ಕಾಟ್ಲೆಂಡಿನಿಂದ ಹೊರಹೋಗುವ ಸರಕು ಸೇವೆಗಳಲ್ಲಿ ಸುಮಾರು ಶೇ 60ರಷ್ಟು ಕೊಳ್ಳುವುದು ಬ್ರಿಟನ್ನಿನ ಉಳಿದ ಭಾಗವೇ. ಸ್ಕಾಟ್ಲೆಂಡ್ ಯುರೋಪಿಗೆ ಮರಳಿ, ಇಂಗ್ಲೆಂಡ್ ಹೊರಗೇ ಉಳಿದರೆ ಗಡಿಯಲ್ಲಿ ತಪಾಸಣೆ ಬಂದೇ ಬರುತ್ತದೆ. ಸ್ವಂತ ನಾಣ್ಯ ಬೇಕಾಗುತ್ತದೆ, ಮತ್ತು ಪೌಂಡಿನ ಆಸರೆಯಲ್ಲೇ ನಡೆಯುತ್ತೇವೆ ಎಂದು 2014ರಲ್ಲಿ ಹೇಳಿದ್ದು ಸ್ವಾತಂತ್ರ್ಯವಾದಿಗಳ ದೊಡ್ಡ ತಪ್ಪು. ಜೆಕ್ ಮತ್ತು ಸ್ಲೋವಾಕ್ ಗಣರಾಜ್ಯಗಳು 1993ರ ಜನವರಿ 1ರಂದು ಬೇರೆಯಾದಾಗ ಒಂದೇ ನಾಣ್ಯವನ್ನು ಇಟ್ಟುಕೊಳ್ಳುತ್ತೇವೆ ಎಂದುಕೊಂಡಿದ್ದವು. ಅದು ಆರು ವಾರವೂ ಬಾಳಲಿಲ್ಲ. ಈ ಬೆಲೆಯನ್ನು ಜನರ ಮುಂದೆ ಮುಚ್ಚುಮರೆಯಿಲ್ಲದೆ ಇಡಬೇಕು.

ಆದರೆ ಬೆಲೆ ಹೆಚ್ಚೆಂಬುದು ಒಂದು ಮಾತು, ನೀವು ಸಣ್ಣವರು, ನಿಮಗೆ ಬದುಕಲು ಬಾರದು ಎಂಬುದು ಬೇರೆಯೇ ಮಾತು. ಸ್ಕಾಟ್ಲೆಂಡಿನ ಜನಸಂಖ್ಯೆ ಸುಮಾರು 55 ಲಕ್ಷ. ನಾರ್ವೆ, ಫಿನ್‌ಲೆಂಡ್, ಡೆನ್ಮಾರ್ಕ್, ಸ್ಲೋವಾಕಿಯಾ, ಐರ್ಲೆಂಡ್ ಎಲ್ಲವೂ ಹೆಚ್ಚುಕಡಿಮೆ ಇಷ್ಟೇ ದೊಡ್ಡವು. ನಾರ್ವೆಯ ಹೆಸರೆತ್ತಿದರೆ ಅವರಿಗೆ ತೈಲವಿದೆ ಎನ್ನುತ್ತಾರೆ. ಅದು ಸ್ವೀಡನ್ನಿನ ಜೊತೆಗಿನ ಒಕ್ಕೂಟದಿಂದ ಹೊರಬಂದದ್ದು 1905ರಲ್ಲಿ. ಎಕೋಫಿಸ್ಕ್ ತೈಲಕ್ಷೇತ್ರ ಸಿಕ್ಕಿದ್ದು 1969ರಲ್ಲಿ. ನಡುವಿನ 64 ವರ್ಷ ಆ ದೇಶ ಬದುಕಿದ್ದು ಮೀನು, ಹಡಗು, ಜಲವಿದ್ಯುತ್ತಿನಂಥವುಗಳ ಮೇಲೆ. ಹೊರಬರುವಾಗ ಅದು ಮಕ್ಕಳನ್ನು ಸಾಲುಸಾಲಾಗಿ ಅಮೆರಿಕಕ್ಕೆ ಕಳುಹಿಸುತ್ತಿದ್ದ ಬಡ ದೇಶ. ಆ ವರ್ಷದ ಆಗಸ್ಟ್ 13ರ ಮತದಾನದಲ್ಲಿ ಬೇರೆಯಾಗೋಣ ಎಂದವರು 3,68,208 ಮಂದಿ, ಬೇಡವೆಂದವರು 184 ಮಂದಿ. ಮತದ ಹಕ್ಕಿಲ್ಲದ ಹೆಂಗಸರು ತಾವೂ ಇದ್ದೇವೆ ಎಂದು ಎರಡು ಲಕ್ಷಕ್ಕೂ ಹೆಚ್ಚು ಸಹಿ ಸಂಗ್ರಹಿಸಿದರು. ಎರಡೂ ಕಡೆ ಸೈನ್ಯ ಗಡಿಗೆ ಬಂದಿತ್ತು, ಆದರೂ ಕಾರ್ಲ್‌ಸ್ಟಾಡ್ ಪಟ್ಟಣದಲ್ಲಿ ಕುಳಿತು ಮಾತಾಡಿ ಮುಗಿಸಿದರು; ಅಕ್ಟೋಬರ್‌ನಲ್ಲಿ ದೊರೆ ಎರಡನೆಯ ಆಸ್ಕರ್ ನಾರ್ವೆಯ ಸಿಂಹಾಸನ ಬಿಟ್ಟುಕೊಟ್ಟ. ದೊಡ್ಡದು ಸಣ್ಣದನ್ನು ಹೋಗಗೊಟ್ಟ ಕಾರಣಕ್ಕೇ ಆ ಎರಡು ದೇಶಗಳು ಇಂದಿಗೂ ಒಳ್ಳೆಯ ನೆರೆಹೊರೆಯವರು ಎಂದು ನಾನು ಬಲವಾಗಿ ನಂಬಿದ್ದೇನೆ.

2024ರ ಬ್ರಿಟನ್ ಸಂಸತ್ ಚುನಾವಣೆಯಲ್ಲಿ ಸ್ವಾತಂತ್ರ್ಯ ಬಯಸುವ ಸ್ಕಾಟಿಷ್ ನ್ಯಾಷನಲ್ ಪಾರ್ಟಿ 48 ಸ್ಥಾನದಿಂದ 9ಕ್ಕೆ ಕುಸಿದದ್ದನ್ನು ತೋರಿಸಿ, ಜನರಿಗೇ ಬೇಡವಾಗಿದೆ ಎನ್ನುವವರೂ ಇದ್ದಾರೆ. ಪಕ್ಷ ಸೋತಿದೆ, ಅದರ ಆಡಳಿತದ ಬಗ್ಗೆ ನನಗೂ ಬೇಸರವಿದೆ. ಆದರೆ ಸಮೀಕ್ಷೆಗಳಲ್ಲಿ ಸ್ವಾತಂತ್ರ್ಯ ಬೇಕೆನ್ನುವವರು ಇಷ್ಟು ವರ್ಷ ಅರ್ಧದ ಆಸುಪಾಸಿನಲ್ಲೇ ಇದ್ದಾರೆ. ಬೇಡವೆನ್ನುವವರಿಗೆ ಗೆಲ್ಲುವ ಧೈರ್ಯವಿದ್ದರೆ ಕೇಳಲು ಹಿಂಜರಿಕೆ ಏಕೆ? ಕೇಳಿ ಮತ್ತೊಮ್ಮೆ ‘ಬೇಡ’ ಬಂದರೆ ನಾನು ತಲೆಬಾಗುತ್ತೇನೆ. 1707ರಲ್ಲಿ ಸ್ಕಾಟ್ಲೆಂಡ್ ಮತ್ತು ಇಂಗ್ಲೆಂಡಿನ ಸಂಸತ್ತುಗಳು ಒಂದಾದಾಗ ಸಾಮಾನ್ಯ ಜನರನ್ನು ಯಾರೂ ಕೇಳಿರಲಿಲ್ಲ. 2014ರಲ್ಲಿ ಕೇಳಿದ್ದರಿಂದಲೇ ಈ ಒಕ್ಕೂಟಕ್ಕೆ ಮೊದಲ ಬಾರಿಗೆ ಜನರ ಒಪ್ಪಿಗೆ ಎಂಬ ಬಲ ಬಂದಿತ್ತು, ಮತ್ತು ಆ ಬಲ ಕೊಟ್ಟವರಲ್ಲಿ ನಾನೂ ಒಬ್ಬ. ಇಂದು ಕೇಳಿದರೆ ನಾನು ‘ಹೌದು’ ಎನ್ನುತ್ತೇನೆ, ಗಡಿಯ ತೊಂದರೆ, ನಾಣ್ಯದ ಕಷ್ಟ ಎಲ್ಲವನ್ನೂ ತಿಳಿದೇ ಹೇಳುತ್ತೇನೆ. ಹೊರಹೋಗುವ ದಾರಿಯಿಲ್ಲದ ಮನೆಯಲ್ಲಿ ಉಳಿಯಲು ಒಪ್ಪಿದೆ ಎಂದು 2014ರಲ್ಲಿ ನನಗೆ ತಿಳಿದಿರಲಿಲ್ಲ.

ರೈಲಿನಲ್ಲಿ ಆ ವೃದ್ಧರು ಫಾಲ್‌ಕರ್ಕ್‌ನಲ್ಲಿ ಇಳಿದುಹೋದರು. ಹುಡುಗಿ ಫೋನಿನಲ್ಲಿ ಮುಳುಗಿದ್ದಳು. ಆಗ ಕೇಳಿದ್ದು ನನ್ನನ್ನು ಎಂದು ಅವಳಿಗೆ ಹೇಳಬೇಕೆನಿಸಿತು. ಹೊರದೇಶದ ಪಾಸ್‌ಪೋರ್ಟ್ ಇಟ್ಟುಕೊಂಡಿದ್ದ ನನ್ನನ್ನು ಕೇಳಿದರು, ನಿನ್ನನ್ನು ಕೇಳಲಿಲ್ಲ, ನಾನು ಹೆದರಿ ಬೇಡವೆಂದೆ ಎಂದು. ಮಾತು ಎಲ್ಲಿಂದ ಶುರು ಮಾಡುವುದೆಂದು ಯೋಚಿಸುತ್ತಿರುವಾಗಲೇ ಲಿನ್‌ಲಿತ್ಗೋ ನಿಲ್ದಾಣ ಬಂತು. ಅವಳು ಚೀಲವನ್ನು ಹೆಗಲಿಗೇರಿಸಿಕೊಂಡು, ಬ್ಯಾಡ್ಜನ್ನು ನೆಟ್ಟಗೆ ಮಾಡಿಕೊಂಡು ಇಳಿದುಹೋದಳು.