ಕೊಡದ ಬಾಯಿಗೆ ಕಟ್ಟಿದ ಬಟ್ಟೆ

ಕೊಲರಾಡೊದ ಬೆಟ್ಟ ಹತ್ತುವಾಗ ನನ್ನ ಚೀಲದಲ್ಲಿ ಗೇಣುದ್ದವೂ ಇಲ್ಲದ ಒಂದು ಫಿಲ್ಟರ್ ಇರುತ್ತದೆ. ಒಳಗೆ ಪೊಳ್ಳು ಎಳೆಗಳ ಕಟ್ಟು, ಆ ಎಳೆಗಳ ಮೈಯಲ್ಲಿ 0.1 ಮೈಕ್ರಾನಿನ ರಂಧ್ರಗಳು (ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು). ತೊರೆಯ ನೀರು ತುಂಬಿ ಹಿಂಡಿದರೆ ಬ್ಯಾಕ್ಟೀರಿಯಾ, ಭೇದಿ ತರುವ ಜಿಯಾರ್ಡಿಯಾ ಎಂಬ ಪರಾವಲಂಬಿ ಎಲ್ಲ ಹಿಂದೆಯೇ ಉಳಿಯುತ್ತವೆ. ಕಂಡಾಗಲೆಲ್ಲ ಖುಷಿಯಾಗುವ ಸಾಮಾನು ಅದು.

ಆದರೆ ನನ್ನ ಜೊತೆ ಚಾರಣಕ್ಕೆ ಬರುವವರಲ್ಲಿ ಅನೇಕರು ಅದನ್ನು ಒದ್ದೆಯಾಗಿಯೇ ಗ್ಯಾರೇಜಿನ ಮೂಲೆಗೆ ಹಾಕುತ್ತಾರೆ, ಮರುವರ್ಷ ನೀರು ಇಳಿಯದಿದ್ದರೆ ಹೊಸದು ಕೊಳ್ಳುತ್ತಾರೆ. ಇದು ನನಗೆ ಒಪ್ಪುವುದಿಲ್ಲ. ತೀರ್ಥಹಳ್ಳಿ ಕಡೆಯ ನಮ್ಮ ಮನೆಯಲ್ಲಿ ಅಜ್ಜಿ ಹಳೇ ಪಂಚೆಯ ತುಂಡನ್ನು ನಾಲ್ಕು ಮಡಿಕೆ ಮಾಡಿ ಕೊಡದ ಬಾಯಿಗೆ ಕಟ್ಟಿ ನೀರು ಸೋಸುತ್ತಿದ್ದರು. ಸೋಸಿದ ಕೂಡಲೇ ಕಸ ಕೂತ ಮಗ್ಗುಲು ಕೆಳಗಾಗುವಂತೆ ಬಟ್ಟೆ ಮಗುಚಿ, ಮೇಲಿನಿಂದ ನೀರು ಹೊಯ್ದು ತೊಳೆದು ಬಿಸಿಲಿಗೆ ಹರವುತ್ತಿದ್ದರು. ಸಿರಿಂಜಿನಲ್ಲಿ ಶುದ್ಧ ನೀರು ತುಂಬಿ ಹಿಂದಿನಿಂದ ಒತ್ತಿ ತೊಳೆಯಿರಿ ಎಂದು ಫಿಲ್ಟರಿನ ಕೈಪಿಡಿ ಹೇಳುವುದೂ ಇದನ್ನೇ. ಎತ್ತಿಡುವ ಮುಂಚೆ ಸ್ವಲ್ಪ ಬ್ಲೀಚ್ ಬೆರೆಸಿದ ನೀರು ಹಾಯಿಸಿ ಚೆನ್ನಾಗಿ ಒಣಗಿಸಬೇಕು. ಗಡಸು ನೀರಿನಿಂದ ಕಟ್ಟಿಕೊಂಡಿದ್ದರೆ ವಿನೆಗರಿನಲ್ಲಿ ನೆನೆಸಬೇಕು.

ಚಳಿಯ ವಿಷಯ ಮಾತ್ರ ಅಜ್ಜಿಗೆ ಗೊತ್ತಿರಲು ಸಾಧ್ಯವಿರಲಿಲ್ಲ. ಇಲ್ಲಿಗೆ ಬಂದ ವರ್ಷ, ಸೆಪ್ಟೆಂಬರಿನ ಒಂದು ರಾತ್ರಿ ಫಿಲ್ಟರನ್ನು ಟೆಂಟಿನ ಹೊರಗೇ ಬಿಟ್ಟಿದ್ದೆ. ಬೆಳಿಗ್ಗೆ ಅಲ್ಲಾಡಿಸಿದರೆ ಒಳಗೆ ಮಂಜುಗಡ್ಡೆಯ ಸದ್ದು. ನೀರು ಹೆಪ್ಪುಗಟ್ಟಿ ಹಿಗ್ಗಿದರೆ ಎಳೆಗಳು ಸೀಳಬಹುದು. ಸೀಳು ಕಣ್ಣಿಗೆ ಕಾಣುವುದಿಲ್ಲ, ನೀರು ಎಂದಿನಂತೆಯೇ ಇಳಿಯುತ್ತದೆ. ಹಾಗಾಗಿ ಅದನ್ನು ಎಸೆದೆ. ಈಗ ಫಿಲ್ಟರ್ ರಾತ್ರಿ ನನ್ನ ಜೊತೆ ಸ್ಲೀಪಿಂಗ್ ಬ್ಯಾಗಿನೊಳಗೇ ಮಲಗುತ್ತದೆ.

ಊರಿಗೆ ಹೊರಟ ಹೊರನಾಡಿನವರು ಇದೇ ಫಿಲ್ಟರನ್ನು ನಂಬಿಕೊಂಡು ಹೋಗುವುದು ನನಗೆ ಭಯ ಹುಟ್ಟಿಸುತ್ತದೆ. ಜನವಸತಿಯಿಲ್ಲದ ಬೆಟ್ಟದ ತೊರೆಗೆ ಇದು ಸಾಕು. ಚರಂಡಿ ಸೇರುವ ಹೊಳೆಗೆ, ಮಳೆಗಾಲದ ಬಾವಿಗೆ ಸಾಲದು. ಕಾಮಾಲೆ ತರುವ ಹೆಪಟೈಟಿಸ್ ಎ, ಇ ವೈರಸ್‌ಗಳು ಆ ರಂಧ್ರಕ್ಕಿಂತ ಎಷ್ಟೋ ಸಣ್ಣವು. ನೀರನ್ನು ಕುದಿಸಲೇಬೇಕು, ಅದೂ ಕೈಗೆ ಬಿಸಿ ಹತ್ತಿದೊಡನೆ ಇಳಿಸುವುದಲ್ಲ, ಕೊತಕೊತ ಕುದಿ ಬಂದ ಮೇಲೂ ಒಂದು ನಿಮಿಷ.

ಹೋದ ಸಲ ಅಮ್ಮ ಕೇಳಿದರು: "ಅಷ್ಟು ದುಡ್ಡು ಕೊಟ್ಟು ತಂದ್ಮೇಲೂ ಕಾಯಿಸ್ಬೇಕಾ?"

"ಬೇಕಮ್ಮ. ಕಾಮಾಲೆ ತರೋ ವೈರಸ್ ಇದರಲ್ಲಿ ನುಸುಳುತ್ತೆ."

ಅಮ್ಮ ದೊಡ್ಡ ಪಾತ್ರೆ ತೊಳೆದು ಒಲೆಗಿಟ್ಟರು.