ಯುಪಿಎಸ್ ಟ್ರಿಪ್ ಆಗುತ್ತಿದೆಯಾ? ಯಾವಾಗ ಅಂತ ನೋಡಿದ್ದೀರಾ?

ಯುಪಿಎಸ್ ಪದೇ ಪದೇ ಟ್ರಿಪ್ ಆಗ್ತಿದೆ ಅಂತ ಯಾರಾದರೂ ಹೇಳಿದರೆ ಸಾಕು, ಸುತ್ತ ಇರುವವರಿಂದ ಎರಡು ಸಲಹೆ ಬಂದೇ ಬರುತ್ತವೆ. "ಬ್ಯಾಟರಿ ಹೋಗಿದೆ, ಹೊಸದು ಹಾಕಿಸಿ" ಅನ್ನೋದು ಒಂದು. "ಸ್ವಲ್ಪ ದೊಡ್ಡ ಎಂಸಿಬಿ ಹಾಕಿಸಿ, ಸರಿಹೋಗುತ್ತೆ" ಅನ್ನೋದು ಇನ್ನೊಂದು. ಮೊದಲನೆಯದು ಕೆಲವು ಸಲ ನಿಜ. ಎರಡನೆಯದು ಕೇಳಿದಾಗೆಲ್ಲ ನನಗೆ ಸಿಟ್ಟು ಬರುತ್ತದೆ. ಎಂಸಿಬಿ, ಅಂದರೆ ಕರೆಂಟ್ ಮಿತಿ ಮೀರಿದರೆ ತಾನಾಗೇ ಬೀಳುವ ಸ್ವಿಚ್, ಇರುವುದು ಗೋಡೆಯೊಳಗಿನ ವೈರನ್ನು ಕಾಪಾಡುವುದಕ್ಕೆ. ವೈರ್ ಹಳೆಯದನ್ನೇ ಬಿಟ್ಟು 6 ಆಂಪಿಯರ್ ಜಾಗದಲ್ಲಿ 16 ಕೂರಿಸಿದರೆ ಟ್ರಿಪ್ ಆಗೋದು ನಿಲ್ಲಬಹುದು, ಆದರೆ ವೈರ್ ಬಿಸಿಯಾಗುವುದು ನಿಲ್ಲುವುದಿಲ್ಲ. ಅದು ಕಾಣಿಸೋದೂ ಇಲ್ಲ, ಅಷ್ಟೇ.

ಮೊದಲು ನೋಡಬೇಕಾದ್ದು, ಬಿದ್ದದ್ದು ಯಾವುದು ಅಂತ. ಎಷ್ಟೋ ಯುಪಿಎಸ್‌ಗಳ ಹಿಂಭಾಗದಲ್ಲಿ ಒಂದು ಸಣ್ಣ ಬಟನ್ ಇರುತ್ತದೆ, ಟ್ರಿಪ್ ಆದಾಗ ಹೊರಗೆ ಬರುವಂಥದ್ದು. ಬೋರ್ಡ್‌ನಲ್ಲಿ ಎಂಸಿಬಿ ಇರುತ್ತದೆ. ಕರೆಂಟ್ ಸೋರಿದರೆ ಬೀಳುವ, ಟೆಸ್ಟ್ ಬಟನ್ ಇರುವ ಆರ್‌ಸಿಸಿಬಿ ಬೇರೆ. ಯಾವುದು ಬಿದ್ದರೂ ನಾವು "ಟ್ರಿಪ್ ಆಯ್ತು" ಅಂದುಬಿಡುತ್ತೇವೆ. ಆದರೆ ಮೂರೂ ಹೇಳುವ ಸುದ್ದಿ ಬೇರೆ ಬೇರೆ.

ಎಂಸಿಬಿ ಒಳಗೆ ಎರಡು ವ್ಯವಸ್ಥೆ ಇವೆ. ಒಂದು, ಬಿಸಿಯಾದರೆ ಬಾಗುವ ಲೋಹದ ಪಟ್ಟಿ. ಲೋಡ್ ಸ್ವಲ್ಪ ಜಾಸ್ತಿಯಾದರೆ ಅದು ನಿಧಾನವಾಗಿ ಬಾಗಿ, ಎಷ್ಟೋ ನಿಮಿಷದ ಮೇಲೆ ಬೀಳಿಸುತ್ತದೆ. ಇನ್ನೊಂದು ಕಾಯಿಲ್. ಕರೆಂಟ್ ಒಮ್ಮೆಲೇ ಹಲವು ಪಟ್ಟು ಏರಿದರೆ ಅದು ತಕ್ಷಣ ಎಳೆದು ಬೀಳಿಸುತ್ತದೆ. ಈ ಮಿತಿಯ ಮೇಲೆ ಎಂಸಿಬಿಯಲ್ಲಿ ಬೇರೆ ಬೇರೆ ಬಗೆ ಇವೆ, ಅದಕ್ಕೆ ಕರ್ವ್ ಅನ್ನುತ್ತಾರೆ: ಬಿ ಕರ್ವ್‌ನ ಎಂಸಿಬಿಗೆ ಆ ಮಿತಿ ಅದರ ಮೇಲೆ ಬರೆದ ಆಂಪಿಯರ್‌ನ 3ರಿಂದ 5 ಪಟ್ಟು, ಸಿ ಕರ್ವ್‌ಗೆ 5ರಿಂದ 10 ಪಟ್ಟು. ಅದಕ್ಕೇ ನಾನು "ಯಾವಾಗ ಬೀಳುತ್ತೆ" ಅಂತ ಕೇಳೋದು. ಮೇಲೆತ್ತಿದ ಕೂಡಲೇ ಟಪ್ ಅಂದರೆ ಸಾಮಾನ್ಯವಾಗಿ ಎಲ್ಲೋ ಶಾರ್ಟ್ ಇರಬೇಕು. ಇಪ್ಪತ್ತು ನಿಮಿಷ ಸುಮ್ನಿದ್ದು ಆಮೇಲೆ ಬಿದ್ದರೆ ಲೋಡ್ ಜಾಸ್ತಿ, ಅಥವಾ ಎಂಸಿಬಿಯ ಸ್ಕ್ರೂ ಸಡಿಲವಾಗಿ ಅಲ್ಲೇ ಬಿಸಿಯಾಗುತ್ತಿದೆ. ಈ ಸಡಿಲ ಸ್ಕ್ರೂ ವಿಷಯ ಯಾರೂ ಗಮನಿಸಲ್ಲ. ಎಂಸಿಬಿ ಬದಲಾಯಿಸಿದರೆ ಸರಿಹೋಗೋದು ಎಷ್ಟೋ ಸಲ ಹೊಸ ಎಂಸಿಬಿಯಿಂದ ಅಲ್ಲ, ಸ್ಕ್ರೂ ಮತ್ತೆ ಬಿಗಿ ಮಾಡಿದ್ದರಿಂದ.

ಯುಪಿಎಸ್ ಹಿಂದಿನ ಬಟನ್ ಹೊರಬಂದಿದ್ದರೆ ಸಾಮಾನ್ಯವಾಗಿ ಲೋಡ್‌ನದ್ದೇ ತಕರಾರು. ಡಬ್ಬದ ಮೇಲೆ 600 ವಿಎ (ವೋಲ್ಟ್ ಆಂಪಿಯರ್) ಅಂತ ಬರೆದದ್ದನ್ನು ಜನ 600 ವ್ಯಾಟ್ ಅಂದುಕೊಳ್ಳುತ್ತಾರೆ. ಅಂಥ ಎಷ್ಟೋ ಸಣ್ಣ ಯುಪಿಎಸ್‌ಗಳು ಕೊಡೋದು 360 ವ್ಯಾಟ್ ಮಾತ್ರ. ಅದಕ್ಕೆ ಲೇಸರ್ ಪ್ರಿಂಟರ್ ಚುಚ್ಚಿದರೆ ಮುಗೀತು. ಪ್ರಿಂಟರ್ ಒಳಗಿನ ಹೀಟರ್ ಆಗಾಗ ಆನ್ ಆಗಿ ಭಾರಿ ಕರೆಂಟ್ ಎಳೆಯುತ್ತದೆ. ಕಂಪ್ಯೂಟರ್ ಮುಂದೆ ಕೂತವರಿಗೆ "ಏನೂ ಮಾಡಲಿಲ್ಲ, ತಾನಾಗೇ ಬಿತ್ತು" ಅನಿಸುತ್ತದೆ.

ಕರೆಂಟ್ ಹೋಗಿ ವಾಪಸ್ ಬಂದಾಗ ಮಾತ್ರ ಬೀಳುವುದು ಇನ್ನೊಂದು ಕಥೆ. ಆ ಹೊತ್ತಿಗೆ ಖಾಲಿ ಬ್ಯಾಟರಿ ಚಾರ್ಜ್ ಆಗಲು ಶುರುವಾಗುತ್ತದೆ, ಯುಪಿಎಸ್ ಒಳಗಿನ ಟ್ರಾನ್ಸ್‌ಫಾರ್ಮರ್ ಮೊದಲ ಕ್ಷಣದಲ್ಲಿ ದೊಡ್ಡ ಎಳೆತ ಎಳೆಯುತ್ತದೆ, ಬಾಕಿ ಲೋಡ್ ಎಲ್ಲ ಮೈನ್ಸ್‌ಗೆ ಬರುತ್ತದೆ. ಬಿ ಕರ್ವ್ ಎಂಸಿಬಿ ಇದನ್ನು ತಡೆದುಕೊಳ್ಳಲ್ಲ. ಇಲ್ಲಿ ಅದೇ ಆಂಪಿಯರ್‌ನ ಸಿ ಕರ್ವ್ ಹಾಕುವುದು ನ್ಯಾಯವಾದ ಪರಿಹಾರ. ಆಂಪಿಯರ್ ಏರಿಸುವುದು ಬೇರೆ, ಕರ್ವ್ ಬದಲಿಸುವುದು ಬೇರೆ. ಇದನ್ನೂ ವೈರಿಂಗ್ ನೋಡಿ ಎಲೆಕ್ಟ್ರಿಷಿಯನ್ನೇ ಮಾಡಬೇಕು.

ಇನ್ನು ಆರ್‌ಸಿಸಿಬಿ. ಇದಕ್ಕೆ ಲೋಡ್ ಎಷ್ಟಿದೆ ಅನ್ನೋದರ ಚಿಂತೆಯೇ ಇಲ್ಲ. ಫೇಸ್‌ನಲ್ಲಿ ಹೋದ ಕರೆಂಟ್ ಅಷ್ಟೂ ನ್ಯೂಟ್ರಲ್‌ನಲ್ಲಿ ವಾಪಸ್ ಬಂತಾ ಅಂತ ಮಾತ್ರ ಲೆಕ್ಕ ನೋಡುತ್ತದೆ. ಮನೆಗಳಲ್ಲಿ ಹಾಕುವ 30 ಮಿಲಿಆಂಪಿಯರ್‌ನದ್ದು ಅಷ್ಟು ವ್ಯತ್ಯಾಸ ಆಗುವುದರೊಳಗೆ ಬೀಳಲೇಬೇಕು. ಯುಪಿಎಸ್ ಹಾಕಿಸಿದ ದಿನದಿಂದಲೇ ಇದು ಬೀಳಲು ಶುರುವಾಗಿದ್ದರೆ ನನ್ನ ಮೊದಲ ಅನುಮಾನ ನ್ಯೂಟ್ರಲ್ ಮೇಲೆ. ಯುಪಿಎಸ್ ಲೈನ್ ಎಳೆಯುವಾಗ ಫೇಸ್ ಮಾತ್ರ ಬೇರೆ ಎಳೆದು, ನ್ಯೂಟ್ರಲ್ ಕೈಗೆ ಸಿಕ್ಕ ಕಡೆ ಸೇರಿಸಿಬಿಡುತ್ತಾರೆ. ಆಗ ಆರ್‌ಸಿಸಿಬಿ ಮೂಲಕ ಹೋದ ಕರೆಂಟ್ ಬೇರೆ ದಾರಿಯಲ್ಲಿ ವಾಪಸಾಗುತ್ತದೆ. 9 ವ್ಯಾಟ್‌ನ ಒಂದು ಎಲ್ಇಡಿ ಬಲ್ಬ್ 230 ವೋಲ್ಟ್‌ನಲ್ಲಿ ಸುಮಾರು 40 ಮಿಲಿಆಂಪಿಯರ್ ಎಳೆಯುತ್ತದೆ. ಅಂದರೆ ಒಂದು ಬಲ್ಬ್ ಹಾಕಿದರೆ ಸಾಕು, ಇಡೀ ಮನೆ ಕತ್ತಲು! ಪಾಪ, ಯುಪಿಎಸ್ ತಪ್ಪು ಇಲ್ಲಿ ಏನೂ ಇಲ್ಲ. ಅದನ್ನು ಬಿಚ್ಚಿಕೊಂಡು ಸರ್ವಿಸ್‌ಗೆ ಹೊತ್ತೊಯ್ದರೆ ಅಲ್ಲಿ ಚೆನ್ನಾಗೇ ಓಡುತ್ತದೆ, ವಾಪಸ್ ತಂದರೆ ಮತ್ತೆ ಅದೇ ಗೋಳು. ಆಮೇಲೆ ಯಾರೋ ಬುದ್ಧಿವಂತರು ಆರ್‌ಸಿಸಿಬಿಯನ್ನೇ ಬೈಪಾಸ್ ಮಾಡಿ ಕೊಡುತ್ತಾರೆ. ಶಾಕ್ ಹೊಡೆದಾಗ ಜೀವ ಉಳಿಸುವ ಸಾಧನ ಅದು, ಅದನ್ನೇ ತೆಗೆದು "ರಿಪೇರಿ ಆಯ್ತು" ಅಂದರೆ ಏನನ್ನಬೇಕು?

ಬ್ಯಾಟರಿ ದೂರು ಸುಳ್ಳಲ್ಲ. 12 ವೋಲ್ಟ್‌ನ ಲೆಡ್ ಆಸಿಡ್ ಬ್ಯಾಟರಿಯಲ್ಲಿ ಆರು ಸೆಲ್ ಇರುತ್ತವೆ. ಒಂದು ಸೆಲ್ ಶಾರ್ಟ್ ಆದರೆ ಎಷ್ಟು ಹೊತ್ತು ಚಾರ್ಜ್ ಮಾಡಿದರೂ ವೋಲ್ಟೇಜ್ ಏರಲ್ಲ, ಚಾರ್ಜರ್ ಕರೆಂಟ್ ದೂಡುತ್ತಲೇ ಇರುತ್ತದೆ. ಬ್ಯಾಟರಿ ಊದಿದ್ದರೆ, ಮುಟ್ಟಿದರೆ ಬಿಸಿ ಇದ್ದರೆ ಮತ್ತೆ ಆನ್ ಮಾಡಲು ಹೋಗಬೇಡಿ.

ನಾವೇ ಮಾಡಬಹುದಾದ ಪರೀಕ್ಷೆ ಒಂದೇ. ಯುಪಿಎಸ್‌ಗೆ ಚುಚ್ಚಿದ ಎಲ್ಲವನ್ನೂ ತೆಗೆದು ಬರೀ ಯುಪಿಎಸ್ ಆನ್ ಮಾಡಿ. ಆಗಲೂ ಬಿದ್ದರೆ ತಪ್ಪು ಯುಪಿಎಸ್‌ನಲ್ಲೋ, ಬ್ಯಾಟರಿಯಲ್ಲೋ, ಅದಕ್ಕೆ ಬರುವ ಲೈನ್‌ನಲ್ಲೋ ಇದೆ. ಬೀಳದಿದ್ದರೆ ಒಂದೊಂದೇ ಸೇರಿಸುತ್ತಾ ಹೋಗಿ, ಪ್ರತಿಯೊಂದಕ್ಕೂ ಸ್ವಲ್ಪ ಸಮಯ ಕೊಡಿ. ಡಬ್ಬ ಮಾತ್ರ ಬಿಚ್ಚಬೇಡಿ. ಪ್ಲಗ್ ಕಿತ್ತಿದ್ದರೂ ಒಳಗೆ ಬ್ಯಾಟರಿ ಇದೆ, ಕೆಪಾಸಿಟರ್ ಇದೆ, ಔಟ್‌ಪುಟ್‌ನಲ್ಲಿ 230 ವೋಲ್ಟ್ ಇರಬಹುದು. ಎಲೆಕ್ಟ್ರಿಷಿಯನ್‌ಗೆ ಫೋನ್ ಮಾಡಿದಾಗ "ಯುಪಿಎಸ್ ಕೆಟ್ಟಿದೆ" ಅನ್ನುವ ಬದಲು ಯಾವುದು ಬಿತ್ತು, ಆನ್ ಮಾಡಿದ ಎಷ್ಟು ಹೊತ್ತಿಗೆ ಬಿತ್ತು, ಆಗ ಏನೇನು ಓಡುತ್ತಿತ್ತು ಅಂತ ಹೇಳಿ. ಅಷ್ಟು ಕೇಳಿಸಿಕೊಂಡ ಮೇಲೂ ಅವರು ದೊಡ್ಡ ಎಂಸಿಬಿ ಹಿಡಿದುಕೊಂಡೇ ಬಂದರೆ, ಬೇರೆಯವರನ್ನು ಕರೆಯಿರಿ.