ಮಸ್ಕತ್‌ನಲ್ಲಿ ಕೂತು ಬಸ್ರೂರು ನೆನಪಾದಾಗ

ಮಸ್ಕತ್‌ಗೆ ಬಂದ ಹೊಸದರಲ್ಲಿ ಮತ್ರಾ ಪೇಟೇಲಿ ಒಬ್ಬ ವಯಸ್ಸಾದ ಒಮಾನಿ ಅಂಗಡಿಯವರು ಚಿಲ್ಲರೆ ಎಣಿಸಿ ಕೈಗೆ ಕೊಡ್ತಾ "ಬಾಕಿ" ಅಂದ್ರು. ಕುಂದಾಪುರದ ಜಿನಸಿ ಅಂಗಡೀಲಿ ನಿಂತ ಹಾಗೇ ಆಯ್ತು ನಂಗೆ. ಆ ಚಿಲ್ಲರೆಗೆ ಇಲ್ಲಿ ಬೈಸಾ ಅಂತಾರೆ, ನಮ್ಮ ಪೈಸೆನೇ ಅದು. 1970ರ ತನಕ ಇಲ್ಲಿ ರೂಪಾಯಿ ಓಡ್ತಿತ್ತು, 1959ರಲ್ಲಿ ನಮ್ಮ ರಿಸರ್ವ್ ಬ್ಯಾಂಕ್ ಗಲ್ಫ್ ದೇಶಗಳಿಗೆ ಅಂತಲೇ ಬೇರೆ ಬಣ್ಣದ ನೋಟು ಮಾಡಿ ಕಳಿಸಿತ್ತು. ಬಾಕಿ, ಖಾಲಿ, ವಸೂಲಿ, ಅಸಲು, ಜಮಾ, ತಕರಾರು, ಈ ಪದಗಳೆಲ್ಲ ಅರಬ್ಬಿ ಮೂಲದವು, ನಮ್ಮ ಅಜ್ಜಿ ದಿನಾ ಬಳಸ್ತಿದ್ದವು. ಒಂದಿಷ್ಟು ಪಾರ್ಸಿ (ಅಂದ್ರೆ ಪರ್ಶಿಯನ್ ಭಾಷೆಯ) ದಫ್ತರುಗಳ ದಾರಿಯಿಂದ ಬಂದಿರ್ತವೆ, ಒಂದಿಷ್ಟು ಕಡಲ ದಾರಿಯಿಂದ. ಬಂದರು ಅನ್ನೋ ಪದವೇ ಪಾರ್ಸಿದು, ಮಸ್ಕತ್ ಪಕ್ಕದಲ್ಲೇ ಬಂದರ್ ಖೈರಾನ್ ಅಂತ ಜಾಗ ಇದೆ, ನಮ್ಮ ಮಂಗಳೂರಲ್ಲಿ ಬಂದರ್ ಅಂತ ಪೇಟೆನೇ ಇದೆ.

ಹನ್ನೊಂದು ವರ್ಷ ಆಯ್ತು ಇಲ್ಲಿಗೆ ಬಂದು. ಇಷ್ಟು ವರ್ಷದಲ್ಲಿ ನಂಗೆ ಗಟ್ಟಿಯಾಗಿ ಅನಿಸಿರೋದು ಒಂದೇ ವಿಷಯ. ಈ ಜನ ತಮ್ಮ ಇತಿಹಾಸನ ಹಡಗಿಂದ ಶುರು ಮಾಡ್ತಾರೆ, ನಾವು ಸಿಂಹಾಸನದಿಂದ ಶುರು ಮಾಡ್ತೀವಿ. ಮುನ್ನೂರು ಕಿಲೋಮೀಟರಿಗೂ ಹೆಚ್ಚು ಕರಾವಳಿ ಇಟ್ಕೊಂಡು ನಾವು ಕಡಲಿಗೆ ಬೆನ್ನು ಹಾಕಿ ಕೂತು ಇತಿಹಾಸ ಓದಿದವರು.

ಇಲ್ಲಿ ಅಲ್ ಬುಸ್ತಾನ್ ಹತ್ರ ರೌಂಡಬೌಟ್‌ನಲ್ಲಿ ಸೊಹಾರ್ ಅನ್ನೋ ಮರದ ಹಡಗು ನಿಲ್ಲಿಸಿದ್ದಾರೆ. ಹಳೇ ಪದ್ಧತಿಲೇ, ಒಂದು ಕಬ್ಬಿಣದ ಮೊಳೆನೂ ಹೊಡೀದೆ, ಹಲಗೆಗಳನ್ನ ತೆಂಗಿನ ನಾರಿನ ಹಗ್ಗದಲ್ಲಿ ಹೊಲಿದು ಸೂರ್ ಅನ್ನೋ ಊರಲ್ಲಿ ಕಟ್ಟಿದ್ದು, 1980ರಲ್ಲಿ ಮಸ್ಕತ್‌ನಿಂದ ಹೊರಟು ಮುಂದಿನ ವರ್ಷ ಚೀನಾದ ಗ್ವಾಂಗ್‌ಝೌ ಮುಟ್ಟಿತು. ಆ ಹಡಗಿಗೆ ಮರ ಎಲ್ಲಿಂದ ಬಂತು ಗೊತ್ತಾ, ಮಲಬಾರ್ ಕಡೆಯಿಂದ, ಹಗ್ಗ ಲಕ್ಷದ್ವೀಪದಿಂದ! ಯಾಕಂದ್ರೆ ಒಮಾನ್‌ನಲ್ಲಿ ಹಡಗು ಕಟ್ಟೋ ಅಂಥ ದೊಡ್ಡ ಮರ ಬೆಳೆಯಲ್ಲ, ನೂರಾರು ವರ್ಷದಿಂದ ಅವರ ಹಡಗಿಗೆ ನಮ್ಮ ಪಶ್ಚಿಮ ಘಟ್ಟದ ಮರನೇ ಆಧಾರ. ಅವರಿಗೆ ಮರ ಇಲ್ಲ, ಅಕ್ಕಿ ಇಲ್ಲ, ನಮಗೆ ಖರ್ಜೂರ ಇಲ್ಲ, ಒಳ್ಳೇ ಕುದುರೆ ಇಲ್ಲ, ಈ ಇಲ್ಲಗಳಿಂದಲೇ ಇಷ್ಟೆಲ್ಲ ವ್ಯಾಪಾರ ಬೆಳೆದಿದ್ದು.

ನಾವು ಸ್ಕೂಲಲ್ಲಿ ವಿಜಯನಗರ ಅಂದ್ರೆ ಹಂಪಿ, ಕಲ್ಲಿನ ರಥ, ತಾಳಿಕೋಟೆ ಅಂತ ಬಾಯಿಪಾಠ ಮಾಡಿದ್ವಿ. ಆ ಸೈನ್ಯದ ಕುದುರೆಗಳು ಪರ್ಶಿಯನ್ ಕೊಲ್ಲಿ ಬಾಯಲ್ಲಿರೋ ಹೊರ್ಮುಜ್‌ನಿಂದ ಹಡಗಲ್ಲಿ ಭಟ್ಕಳಕ್ಕೆ, ಹೊನ್ನಾವರಕ್ಕೆ ಇಳಿದು ಘಟ್ಟ ಹತ್ತಿ ಹೋಗ್ತಿದ್ವು ಅನ್ನೋದನ್ನ ಯಾರೂ ಒತ್ತಿ ಹೇಳ್ಲಿಲ್ಲ. ಈಗಿನ ಅಫ್ಘಾನಿಸ್ತಾನದ ಹೆರಾತ್‌ನಿಂದ ರಾಯಭಾರಿಯಾಗಿ ಬಂದ ಅಬ್ದುಲ್ ರಜಾಕ್ 1443ರಲ್ಲಿ ಎರಡನೇ ದೇವರಾಯನ ಆಸ್ಥಾನಕ್ಕೆ ಬಂದಿದ್ದು ನಮಗೆ ಗೊತ್ತು, ಆದ್ರೆ ಅವನು ಅದಕ್ಕೂ ಮೊದಲು ಗಾಳಿಯ ಕಾಲ ತಪ್ಪಿ ಇದೇ ಮಸ್ಕತ್‌ನಲ್ಲಿ ಸಿಕ್ಕಿಹಾಕ್ಕೊಂಡು, ಸೆಖೆಗೆ ಕಾಯಿಲೆ ಬಿದ್ದು ಒದ್ದಾಡಿದ್ದು, ಆಮೇಲೆ ಕಲ್ಲಿಕೋಟೆಗೆ ಹೋಗಿ ಅಲ್ಲಿಂದ ಮಂಗಳೂರಿಗೆ ಹಡಗಲ್ಲಿ ಬಂದು ಘಟ್ಟ ಹತ್ತಿದ್ದು, ವಾಪಸ್ ಹೋಗುವಾಗ ಹೊನ್ನಾವರದಿಂದ ಹಡಗು ಹತ್ತಿದ್ದು ನಂಗೆ ಇಲ್ಲಿಗೆ ಬಂದ ಮೇಲೆ ಓದಿ ಗೊತ್ತಾಗಿದ್ದು. ಜೂನ್ ತಿಂಗಳ ಮಸ್ಕತ್ ಸೆಖೆಲಿ ಅವನ ವರ್ಣನೆ ಓದಿದ್ರೆ ಪ್ರತಿ ಸಾಲೂ ನಿಜ ಅನ್ಸತ್ತೆ.

ಈ ಗಾಳಿಯ ಕಾಲ ಅನ್ನೋದೇ ನನ್ನ ಪ್ರಕಾರ ಸಾಮ್ರಾಜ್ಯಗಳಿಗಿಂತ ದೊಡ್ಡದು. ಮಳೆಗಾಲದ ಜೋರಿನಲ್ಲಿ ನಮ್ಮ ಕಡೆ ಕಡಲು ಮುಚ್ಚತ್ತೆ, ಈಗ್ಲೂ ಜೂನ್ ಜುಲೈ ಮೀನುಗಾರಿಕೆಗೆ ರಜೆ. ಮಳೆ ಇಳಿದ ಮೇಲೆ ಅರಬರು ನಮ್ಮ ಕಡೆ ಬರಬೇಕು, ಈಶಾನ್ಯದ ಗಾಳಿ ಹಿಡಿದು ಚಳಿಗಾಲದಲ್ಲಿ ವಾಪಸ್ ಹೋಗಬೇಕು. ಅಂದ್ರೆ ಬಂದವನು ಇವತ್ತು ಬಂದು ನಾಳೆ ಹೋಗೋ ಹಾಗಿಲ್ಲ, ತಿಂಗಳುಗಟ್ಟಲೆ ಪರಊರಲ್ಲಿ ಇರಬೇಕು, ಅಲ್ಲಿನ ಊಟ ಉಣ್ಣಬೇಕು, ಅಲ್ಲಿನ ಮಾತು ಕಲೀಬೇಕು, ಕೆಲವರು ಮದುವೆನೂ ಆದ್ರು, ಸಂಸಾರನೂ ಮಾಡಿದ್ರು. ನಾಗರಿಕತೆ ಬೆರೆತಿದ್ದು ಈ ಕಾಯುವಿಕೇಲಿ.

ಅಬ್ರಹಾಂ ಬೆನ್ ಯಿಜು ಅಂತ ಒಬ್ಬ ಯಹೂದಿ ವ್ಯಾಪಾರಿ ಇದ್ದ, ಟ್ಯುನೀಶಿಯಾದವನು, 1132ರಿಂದ 1149ರ ತನಕ ಹೆಚ್ಚುಕಮ್ಮಿ ಮಂಗಳೂರಲ್ಲೇ ಇದ್ದ. ಅಲ್ಲೇ ಆಶು ಅನ್ನೋ ಹೆಂಗಸನ್ನ ದಾಸ್ಯದಿಂದ ಬಿಡಿಸಿ ಅವಳ ಜೊತೆ ಸಂಸಾರ ಮಾಡಿದ, ಯೆಮನ್‌ನ ಏಡನ್ ಬಂದರಿನ ಗೆಳೆಯರು ಕಳಿಸಿದ ಹಳೇ ಪಾತ್ರೆ ಪಡಗ, ಲೋಹದ ಚೂರು ಇವನ್ನೆಲ್ಲ ಕರಗಿಸಿ ಹೊಸದು ಮಾಡ್ಸಿ ಕಳಿಸ್ತಿದ್ದ, ಜೊತೆಗೆ ಮೆಣಸು, ಅಡಿಕೆ, ಏಲಕ್ಕಿ. ಆ ಕಡೆಯಿಂದ ಕಾಗದ, ಸಕ್ಕರೆ, ಒಣದ್ರಾಕ್ಷಿ ಬರ್ತಿತ್ತು. ಅವನ ಪರವಾಗಿ ಏಡನ್‌ಗೆ ಹೋಗಿ ಬಂದು ವ್ಯವಹಾರ ಮಾಡ್ತಿದ್ದ ನಮ್ಮ ಕಡೆ ಆಳಿನ ಹೆಸರನ್ನ ಬೊಮ್ಮ ಅಂತ ಓದ್ತಾರೆ. ಈ ಪತ್ರಗಳು ಉಳಿದಿದ್ದು ಕೈರೋದ ಒಂದು ಹಳೇ ಸಿನಗಾಗ್‌ನ, ಅಂದ್ರೆ ಯಹೂದಿ ಪ್ರಾರ್ಥನಾ ಮಂದಿರದ, ಕೋಣೇಲಿ. ನಮ್ಮ ಬೊಮ್ಮನ ಹೆಸರು ಈಜಿಪ್ಟ್‌ನಲ್ಲಿ ಉಳೀತು, ನಮ್ಮ ಮಕ್ಕಳ ಪಾಠದಲ್ಲಿ ಇಲ್ಲ, ಇದು ನಂಗೆ ನಿಜವಾಗ್ಲೂ ಬೇಜಾರು.

ಪೋರ್ಚುಗೀಸರು 1507ರಲ್ಲಿ ಮಸ್ಕತ್ ಸುಟ್ಟರು, 1510ರಲ್ಲಿ ಗೋವಾ ಹಿಡಿದರು. ಅವರು ಹೊಸ ದಾರಿಯೇನೂ ಹುಡುಕ್ಲಿಲ್ಲ ಈ ಕಡಲಲ್ಲಿ, ಇದ್ದ ದಾರಿಗೆ ತೋಪು ತಂದು ನಿಲ್ಲಿಸಿ ಪರವಾನಗಿ ಚೀಟಿ ಇಲ್ಲದ ಹಡಗನ್ನ ದೋಚಿದರು. ಆ ಸಾಮ್ರಾಜ್ಯ ಹೊಟ್ಟೆಗೆ ಉಂಡಿದ್ದು ಮಾತ್ರ ನಮ್ಮ ಅಕ್ಕಿ, ಕುಂದಾಪುರದ ಹತ್ರದ ಹಳೇ ಬಂದರು ಬಸ್ರೂರಿನಿಂದ, ಮಂಗಳೂರಿನಿಂದ ಹೋದ ಅಕ್ಕಿ ಹೊರ್ಮುಜ್ ಮತ್ತೆ ಮಸ್ಕತ್ ಕೋಟೆಗಳನ್ನ ಸಾಕಿತು. 1650ರಲ್ಲಿ ಒಮಾನಿಗಳು ಅವರನ್ನ ಓಡಿಸಿದ್ರು, ಜಲಾಲಿ, ಮಿರಾನಿ ಕೋಟೆ ಹಾಗೇ ನಿಂತಿವೆ. ಅಕ್ಕಿ ವ್ಯಾಪಾರ ನಿಲ್ಲಲಿಲ್ಲ, ಆಮೇಲೆ ಟಿಪ್ಪು ಮಸ್ಕತ್‌ನಲ್ಲಿ ತನ್ನದೇ ವ್ಯಾಪಾರದ ಕೋಠಿ ಇಟ್ಟಿದ್ದ.

ಒಂದು ಮಾತು ಇಲ್ಲಿ ಹೇಳ್ಲೇಬೇಕು. ಇದೇ ದಾರೀಲಿ ಮನುಷ್ಯರನ್ನೂ ಮಾರಿದ್ರು. ಒಮಾನಿ ಸುಲ್ತಾನರು 19ನೇ ಶತಮಾನದಲ್ಲಿ ಪೂರ್ವ ಆಫ್ರಿಕಾದ ಜಂಜಿಬಾರ್‌ನಿಂದ ಆಳಿದಾಗ ಲವಂಗದ ತೋಟಕ್ಕೆ ದುಡಿದವರು ಗುಲಾಮರು. ನಮ್ಮ ಯಲ್ಲಾಪುರ, ಹಳಿಯಾಳದ ಆಫ್ರಿಕಾ ಮೂಲದ ಸಿದ್ದಿಯರ ಹಿರಿಯರನ್ನ ಹೆಚ್ಚಾಗಿ ಪೋರ್ಚುಗೀಸರ ಗೋವಾ ಮೂಲಕ ತಂದಿದ್ದು. ವ್ಯಾಪಾರದಿಂದ ಬರೀ ಸ್ನೇಹ ಬೆಳೀತು ಅಂತ ಬರೆಯೋಕೆ ಮನಸು ಬರಲ್ಲ, ಈ ಭಾಗನ ಇಲ್ಲೂ ಕಡಿಮೆ ಮಾತಾಡ್ತಾರೆ, ನಮ್ಮಲ್ಲೂ ಕಡಿಮೆ.

ನನ್ನ ಆಫೀಸಲ್ಲಿ ಸೂರ್ ಊರಿನ ಒಬ್ಬರಿದ್ದಾರೆ, ಅವರ ಅಜ್ಜ ಖರ್ಜೂರ ತುಂಬ್ಕೊಂಡು ಮಂಗಳೂರಿಗೆ ಬಂದು ಹೆಂಚು, ಮರ ತಗೊಂಡು ಹೋಗ್ತಿದ್ದರಂತೆ. ಅವರು ಆ ಕಥೆ ಹೇಳುವಾಗ ಮುಖದಲ್ಲಿ ಒಂದು ಗತ್ತು ಇರತ್ತೆ. ಅದೇ ನಾನು ಬಸ್ರೂರಿನ ಪಕ್ಕದಲ್ಲೇ ಹುಟ್ಟಿ ಬೆಳೆದವನು, 1665ರಲ್ಲಿ ಶಿವಾಜಿ ಹಡಗುಪಡೆ ಕಟ್ಕೊಂಡು ಬಂದು ದೋಚಿ ಹೋಗುವಷ್ಟು ಸಿರಿವಂತಿಕೆ ಇದ್ದ ಪೇಟೆ ಅದು, ಹತ್ತು ವರ್ಷ ಬಸ್ಸಲ್ಲಿ ದಾಟಿ ಸ್ಕೂಲಿಗೆ ಹೋದ್ರೂ ಒಬ್ಬ ಮೇಷ್ಟ್ರೂ ಇಳಿಸಿ ತೋರಿಸ್ಲಿಲ್ಲ. ಬಾರ್ಕೂರು, ಮಿರ್ಜಾನ್, ಹೊನ್ನಾವರ ಎಲ್ಲದಕ್ಕೂ ಇದೇ ಪಾಡು. ಮೊರಾಕೋದ ಪ್ರವಾಸಿ ಇಬ್ನ್ ಬತೂತ ಹೊನ್ನಾವರದಲ್ಲಿ ಹೆಣ್ಣುಮಕ್ಕಳಿಗೆ 13 ಶಾಲೆ, ಗಂಡುಮಕ್ಕಳಿಗೆ 23 ಶಾಲೆ ನೋಡಿದೆ ಅಂತ ಬರೆದಿದ್ದಾನೆ, 14ನೇ ಶತಮಾನದಲ್ಲಿ! ಇಂಥ ಊರಿಗೆ ಒಂದು ಕಡಲ ಮ್ಯೂಸಿಯಂ ಬೇಡವಾ?

ಈ ಆಗಸ್ಟ್‌ನಲ್ಲಿ ಮಗಳನ್ನ ಒಮಾನ್‌ನ ದಕ್ಷಿಣ ತುದೀಲಿರೋ ಸಲಾಲಾಗೆ ಕರ್ಕೊಂಡು ಹೋಗ್ತಿದೀನಿ, ನಮ್ಮ ಮುಂಗಾರಿನ ಗಾಳಿನೇ ಅಲ್ಲಿಗೂ ಬೀಸಿ ಗುಡ್ಡ ಎಲ್ಲ ಹಸಿರಾಗಿರತ್ತೆ, ರಸ್ತೆ ಬದೀಲಿ ಎಳನೀರು, ಬಾಳೆಹಣ್ಣು ಮಾರ್ತಾರೆ. ಡಿಸೆಂಬರ್ ರಜೆಗೆ ಊರಿಗೆ ಬಂದಾಗ ಬಸ್ರೂರಲ್ಲಿ ವಾರಾಹಿ ಹೊಳೆ ದಂಡೆಗೆ ಇಳಿಸಿ ತೋರಿಸಬೇಕು. ಹಳೇ ಹಡಗುಗಳು ನಿಲ್ತಿದ್ದ ಜಾಗ ಸರಿಯಾಗಿ ಗೊತ್ತಿರೋ ಹಿರಿಯರು ಯಾರಾದ್ರೂ ಆ ಕಡೆ ಇದ್ರೆ ಹೇಳಿ, ಬಂದು ಕೈ ಮುಗಿದು ಕೇಳ್ತೀನಿ.